ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಚಳವಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ವಿನ್ಯಾಸ ಓದುತ್ತಿರುವವರು, ಹೊಸ ಮನೆಗೆ ವಾಲ್‌ಪೇಪರ್ ಹುಡುಕುತ್ತಿರುವವರು, ಕೈಮಗ್ಗದ ಬಟ್ಟೆಯ ಬಗ್ಗೆ ಕಾಳಜಿ ಇರುವವರು ಬೇರೆ ಬೇರೆ ದಾರಿಯಲ್ಲಿ ಬಂದು ಈ ಒಂದೇ ಚಳವಳಿಯ ಬಗ್ಗೆ ಕೇಳುತ್ತಾರೆ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸಿಗುವುದು ಒಂದೆರಡು ಪುಟ, ಜೊತೆಗೊಂದು ಹೂಬಳ್ಳಿಯ ಚಿತ್ರ. ನನ್ನ ಮಟ್ಟಿಗೆ ಈ ಚಳವಳಿಯ ಜೀವಾಳ ಇರುವುದು ಒಂದು ವಸ್ತುವನ್ನು ಮಾಡಿದವನ ದಿನ ಹೇಗೆ ಕಳೆಯಿತು ಎಂಬ ಪ್ರಶ್ನೆಯಲ್ಲಿ. ಕೆಳಗಿನ ಉತ್ತರಗಳೆಲ್ಲ ಆ ಕಡೆಗೇ ವಾಲಿಕೊಂಡಿವೆ.

ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಚಳವಳಿ ಎಂದರೇನು? ಯಾವಾಗ ನಡೆಯಿತು?

ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಚಳವಳಿ ಇದು. ಕಾರ್ಖಾನೆಯಿಂದ ರಾಶಿ ರಾಶಿಯಾಗಿ ಬರುತ್ತಿದ್ದ ಕಳಪೆ ಮಾಲು ಕಂಡು ಬೇಸತ್ತ ಕಲಾವಿದರು, ವಾಸ್ತುಶಿಲ್ಪಿಗಳು, ಬರಹಗಾರರು ಕೈಕಸುಬಿಗೆ ಮತ್ತೆ ಮರ್ಯಾದೆ ತರಲು ಹೊರಟರು. ಚಿತ್ರಕಲೆ ಮತ್ತು ಶಿಲ್ಪ ಮೇಲು, ಕುರ್ಚಿ ಮಾಡುವುದು ಮತ್ತು ಬಟ್ಟೆಗೆ ಬಣ್ಣ ಹಾಕುವುದು ಕೀಳು ಎಂಬ ಶ್ರೇಣಿಯನ್ನು ಅವರು ಒಪ್ಪಲಿಲ್ಲ.

ಹೆಸರು ಬಂದದ್ದು ತಡವಾಗಿ. 1887ರಲ್ಲಿ ಲಂಡನ್ನಿನಲ್ಲಿ ಒಂದು ಪ್ರದರ್ಶನ ಸಂಘ ಕಟ್ಟುವಾಗ ಪುಸ್ತಕದ ರಟ್ಟು ಕಟ್ಟುವ ಕಲಾವಿದ ಕಾಬ್ಡನ್-ಸ್ಯಾಂಡರ್ಸನ್ ಈ ಹೆಸರನ್ನು ಸೂಚಿಸಿದರು. ವಾಲ್ಟರ್ ಕ್ರೇನ್ ಮೊದಲ ಅಧ್ಯಕ್ಷರಾದರು. 1888ರಲ್ಲಿ ರೀಜೆಂಟ್ ಸ್ಟ್ರೀಟಿನ ನ್ಯೂ ಗ್ಯಾಲರಿಯಲ್ಲಿ ಮೊದಲ ಪ್ರದರ್ಶನ ನಡೆಯಿತು. ಆದರೆ ವಿಚಾರ ಅದಕ್ಕಿಂತ ಮೂವತ್ತು ವರ್ಷ ಹಳೆಯದು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ಇದರ ಕಾವು ಆರಿತ್ತು, ಅಷ್ಟರಲ್ಲಿ ಕಿಡಿ ಬೇರೆ ದೇಶಗಳಿಗೆ ಹಾರಿಯಾಗಿತ್ತು.

ಕಾರ್ಖಾನೆಯ ಮೇಲೆ ಇವರಿಗೆ ಅಷ್ಟೊಂದು ಸಿಟ್ಟು ಯಾಕೆ?

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜು ಮತ್ತು ಕಬ್ಬಿಣದ ಕ್ರಿಸ್ಟಲ್ ಪ್ಯಾಲೇಸಿನೊಳಗೆ ಜಗತ್ತಿನ ಸರಕುಗಳ ಮಹಾಪ್ರದರ್ಶನ ನಡೆಯಿತು. ಬ್ರಿಟಿಷ್ ಕಾರ್ಖಾನೆಗಳು ತಮ್ಮ ಹೆಮ್ಮೆಯ ಮಾಲನ್ನೆಲ್ಲ ಅಲ್ಲಿ ಹರಡಿದವು. ಯಂತ್ರದಿಂದ ಅಗ್ಗವಾಗಿ ಒತ್ತಿಸಿದ ಅಲಂಕಾರ ಎಲ್ಲೆಂದರಲ್ಲಿ ಮೆತ್ತಿಕೊಂಡಿತ್ತು: ಲೋಹವನ್ನು ಮರದಂತೆ, ಕಾಗದವನ್ನು ಕೆತ್ತನೆಯಂತೆ ತೋರಿಸುವ ಹುಚ್ಚು. ಅಲ್ಲಿನ ವಿನ್ಯಾಸ ತಜ್ಞರೇ ಇದನ್ನು ಕಂಡು ತಲೆ ತಗ್ಗಿಸಿದರು. ಅವರು ಮನಸಾರೆ ಮೆಚ್ಚಿದ್ದು ಭಾರತದ ವಿಭಾಗವನ್ನು. ನಮ್ಮ ಬೀದರಿನ ಹೆಸರು ಹೊತ್ತ ಬಿದ್ರಿ ಪಾತ್ರೆಗಳೂ ಅಲ್ಲಿದ್ದವು. ಸತುವಿನ ಕಪ್ಪು ಮೈಯಲ್ಲಿ ಬೆಳ್ಳಿ ಕೂರಿಸುವ ಆ ಕೆಲಸದಲ್ಲಿ ಅಲಂಕಾರ ವಸ್ತುವಿನ ಒಡಲಲ್ಲೇ ಇರುತ್ತದೆ, ಮೇಲಿಂದ ಅಂಟಿಸಿದ್ದಲ್ಲ.

ಇದು ಅಭಿರುಚಿಯ ಸಿಟ್ಟು. ಇದಕ್ಕಿಂತ ಆಳವಾದ ಸಿಟ್ಟಿಗೆ ಮಾತು ಕೊಟ್ಟವರು ಕಲಾ ವಿಮರ್ಶಕ ಜಾನ್ ರಸ್ಕಿನ್. ವೆನಿಸ್ ನಗರದ ಕಟ್ಟಡಗಳ ಬಗ್ಗೆ ಬರೆಯುತ್ತಾ 1853ರಲ್ಲಿ ಅವರು ಗಾಜಿನ ಮಣಿಯ ಉದಾಹರಣೆ ಕೊಟ್ಟರು. ಉದ್ದನೆಯ ಗಾಜಿನ ಕಡ್ಡಿಯನ್ನು ತುಂಡು ತುಂಡು ಮಾಡುವವರು ದಿನವಿಡೀ ಕೂತು ಕತ್ತರಿಸುತ್ತಾರೆ. ಅವರ ಕೈ ಒಂದೇ ಲಯದಲ್ಲಿ ನಡುಗುತ್ತಿರುತ್ತದೆ, ಕೆಳಗೆ ಮಣಿಗಳು ಆಲಿಕಲ್ಲಿನ ಹಾಗೆ ಉದುರುತ್ತವೆ. ಆ ಕೆಲಸದಲ್ಲಿ ಯೋಚಿಸಲು ಏನೂ ಇಲ್ಲ. ಆದ್ದರಿಂದ ಆ ಮಣಿ ಕೊಳ್ಳುವ ಪ್ರತಿಯೊಬ್ಬರೂ ಗುಲಾಮಗಿರಿಯ ವ್ಯಾಪಾರದಲ್ಲಿ ಪಾಲುದಾರರು ಎಂದು ರಸ್ಕಿನ್ ನೇರವಾಗಿ ಹೇಳಿದರು. ಮಧ್ಯಯುಗದ ಗೋಥಿಕ್ ಶೈಲಿಯ ಚರ್ಚಿನ ಒರಟು ಕೆತ್ತನೆಯಲ್ಲಿ ಅವರಿಗೆ ಕಂಡದ್ದು ಸ್ವಂತ ಬುದ್ಧಿ ಓಡಿಸಿದ ಕಲ್ಲುಕುಟಿಗ. ನಯಗಾರಿಕೆಯನ್ನು ನಯಗಾರಿಕೆಗೋಸ್ಕರವೇ ಕೇಳಬೇಡಿ, ಮಾಡುವವನ ಕಲ್ಪನೆಗೆ ಎಡೆಯೇ ಇಲ್ಲದ ಅನಗತ್ಯ ವಸ್ತುವನ್ನು ಕೊಳ್ಳಬೇಡಿ ಎಂದು ಕೊಳ್ಳುವವರಿಗೆ ತಿಳಿಹೇಳಿದರು.

ಕೊಳ್ಳುವವರ ಮೇಲೆ ಹೊಣೆ ಹೊರಿಸಿದ್ದು ಬಹಳ ಮುಖ್ಯ. ಇಂದು ಯಾವ ಬಟ್ಟೆಯನ್ನು ಎಲ್ಲಿ, ಯಾರಿಂದ, ಎಷ್ಟು ಕೂಲಿಗೆ ಹೊಲಿಸಿದರು ಎಂದು ಕೇಳುವ ಪ್ರತಿ ಗ್ರಾಹಕರ ಹಿಂದೆಯೂ ಈ ಮಾತಿನ ಛಾಯೆ ಇದೆ.

ವಿಲಿಯಂ ಮಾರಿಸ್ ಹೆಸರೇ ಎಲ್ಲ ಕಡೆ ಬರುತ್ತದಲ್ಲ, ಅವರು ಮಾಡಿದ್ದೇನು?

ರಸ್ಕಿನ್ ಬರೆದದ್ದನ್ನು ಮಾರಿಸ್ ಕೈಯಾರೆ ಮಾಡಿ ನೋಡಿದರು. 1834ರಲ್ಲಿ ಲಂಡನ್ ಸಮೀಪದ ವಾಲ್ಥಮ್‌ಸ್ಟೋದಲ್ಲಿ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದರು. ಆಕ್ಸ್‌ಫರ್ಡಿನಲ್ಲಿ ಪಾದ್ರಿಯಾಗಲು ಓದುತ್ತಿದ್ದಾಗ ಎಡ್ವರ್ಡ್ ಬರ್ನ್-ಜೋನ್ಸ್ ಗೆಳೆತನ ಸಿಕ್ಕಿತು, ಇಬ್ಬರೂ ಕಲೆಯ ದಾರಿ ಹಿಡಿದರು. ಮದುವೆಯಾದ ಮೇಲೆ ಗೆಳೆಯ ಫಿಲಿಪ್ ವೆಬ್ ಬೆಕ್ಸ್‌ಲಿಹೀತ್‌ನಲ್ಲಿ ಇವರಿಗೆ ಕೆಂಪು ಇಟ್ಟಿಗೆಯ ಮನೆ ಕಟ್ಟಿಕೊಟ್ಟರು. 1860ರಲ್ಲಿ ಮುಗಿದ ಆ ರೆಡ್ ಹೌಸಿನ ಗೋಡೆಗೆ ಸುಣ್ಣಬಣ್ಣದ ಮುಸುಕಿಲ್ಲ, ಇಟ್ಟಿಗೆ ಇಟ್ಟಿಗೆಯಾಗಿಯೇ ಕಾಣುತ್ತದೆ. ಒಳಗೆ ಯಾವ ಕೋಣೆ ಎಲ್ಲಿ ಬೇಕೋ ಅದರಂತೆ ಹೊರಗಿನ ಕಿಟಕಿಗಳು ಬಂದಿವೆ, ಎರಡೂ ಪಕ್ಕ ಒಂದೇ ಥರ ಇರಲೇಬೇಕು ಎಂಬ ಹಟವಿಲ್ಲ.

ಆ ಮನೆಗೆ ಬೇಕಾದ ಪೀಠೋಪಕರಣ, ಪರದೆ, ದೀಪಕ್ಕೆ ಅಂಗಡಿಗೆ ಹೋದರೆ ಮನಸ್ಸಿಗೆ ಹಿಡಿಸುವಂಥದ್ದು ಒಂದೂ ಸಿಗಲಿಲ್ಲ. ಗೆಳೆಯರು ಸೇರಿ ತಾವೇ ಮಾಡಿಕೊಂಡರು. ಅದರಿಂದಲೇ 1861ರಲ್ಲಿ ಅವರ ಕಂಪನಿ ಹುಟ್ಟಿತು, 1875ರಲ್ಲಿ ಅದು ಮಾರಿಸ್ ಒಬ್ಬರ ಒಡೆತನದ ಮಾರಿಸ್ ಅಂಡ್ ಕಂಪನಿಯಾಯಿತು. ಬಣ್ಣದ ಗಾಜು, ಗೋಡೆಗೆ ಕೂರಿಸುವ ಟೈಲ್ಸ್, ಕಸೂತಿ, ಜಮಖಾನ, ಅಚ್ಚಿನ ಬಟ್ಟೆ, ವಾಲ್‌ಪೇಪರ್ ಎಲ್ಲವನ್ನೂ ಆ ಕಂಪನಿ ಮಾಡಿತು. ಮನೆಯೊಳಗೆ ಉಪಯೋಗಕ್ಕೆ ಬರುತ್ತದೆ ಎಂದು ಗೊತ್ತಿರುವ ಅಥವಾ ಸುಂದರ ಎಂದು ನೀವು ನಂಬುವ ವಸ್ತು ಬಿಟ್ಟು ಬೇರೇನೂ ಇರಕೂಡದು ಎಂಬ ಅವರ ಪ್ರಸಿದ್ಧ ಮಾತು 1880ರ ಭಾಷಣದ್ದು.

ಇದರ ಜೊತೆಗೇ ಅವರು ಕವಿ, ಅನುವಾದಕ, ಹಳೆಯ ಕಟ್ಟಡಗಳ ರಕ್ಷಣೆಗಾಗಿ 1877ರಲ್ಲಿ ಸಂಘ ಕಟ್ಟಿದವರು, 1880ರ ದಶಕದಲ್ಲಿ ಬೀದಿ ಬೀದಿಯಲ್ಲಿ ಭಾಷಣ ಮಾಡಿದ ಸಮಾಜವಾದಿ. ಈ ಕೊನೆಯದನ್ನು ಬಿಟ್ಟು ಮಾರಿಸ್ ಕಥೆ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಕೆಲಸದಲ್ಲಿ ಸಂತೋಷ ಇರಬೇಕು ಎಂಬ ಒಂದೇ ನಂಬಿಕೆಯಿಂದ ವಿನ್ಯಾಸವೂ ರಾಜಕೀಯವೂ ಹುಟ್ಟಿದವು.

‘ಸ್ಟ್ರಾಬೆರಿ ಥೀಫ್’ ಬಟ್ಟೆಗೆ ಅಷ್ಟೊಂದು ಹೆಸರು ಯಾಕೆ?

ಎಲ್ಲರೂ ನೋಡಿರುತ್ತೀರಿ: ಕಡುನೀಲಿ ನೆಲ, ಎದುರುಬದುರು ಕೂತ ಹಕ್ಕಿಗಳು, ಕೊಕ್ಕಿನಲ್ಲಿ ಕೆಂಪು ಹಣ್ಣು. ಮಾರಿಸ್ ಬಾಡಿಗೆಗೆ ಹಿಡಿದಿದ್ದ ಕೆಲ್ಮ್‌ಸ್ಕಾಟ್ ಮನೆಯ ಕೈತೋಟಕ್ಕೆ ನುಗ್ಗಿ ಸ್ಟ್ರಾಬೆರಿ ಕದಿಯುತ್ತಿದ್ದ ಥ್ರಶ್ ಹಕ್ಕಿಗಳು ಇವು. 1883ರ ವಿನ್ಯಾಸ. ಚಿತ್ರ ಚೆಂದವೇ, ಆದರೆ ಆ ಬಟ್ಟೆ ತಯಾರಾದ ಬಗೆ ನನಗೆ ಇನ್ನೂ ದೊಡ್ಡದು.

1856ರಲ್ಲಿ ಪರ್ಕಿನ್ ಎಂಬ ತರುಣ ರಸಾಯನಶಾಸ್ತ್ರಜ್ಞ ಡಾಂಬರಿನ ಮೂಲದಿಂದ ನೇರಳೆ ಬಣ್ಣ ತೆಗೆದ ಮೇಲೆ ಮಾರುಕಟ್ಟೆ ಕೃತಕ ಬಣ್ಣಗಳಿಂದ ತುಂಬಿತ್ತು. ಅವುಗಳಲ್ಲಿ ಎಷ್ಟೋ ಬಣ್ಣಗಳು ಕಣ್ಣು ಕುಕ್ಕುತ್ತಿದ್ದವು, ಬಿಸಿಲಿಗೆ ವಿಕಾರವಾಗಿ ಮಾಸುತ್ತಿದ್ದವು. ಮಾರಿಸ್ ಹಳೆಯ ಬಣ್ಣಗಳಿಗೆ ಮರಳಿದರು. ಲೀಕ್ ಊರಿನ ಬಣ್ಣಗಾರ ಥಾಮಸ್ ವಾರ್ಡಲ್ ಅವರ ಕಾರ್ಖಾನೆಗೆ ಹೋಗಿ, ತೊಟ್ಟಿಯ ಪಕ್ಕದಲ್ಲಿ ನಿಂತು ತಾವೇ ಕಲಿತರು, ಕೈ ನೀಲಿ ಮಾಡಿಕೊಂಡು ಮನೆಗೆ ಬಂದರು. 1881ರಲ್ಲಿ ಲಂಡನ್ ದಕ್ಷಿಣದ ಮೆರ್ಟನ್ ಆ್ಯಬಿಯಲ್ಲಿ, ವಾಂಡಲ್ ನದಿಯ ದಡದಲ್ಲಿ ಸ್ವಂತ ಕಾರ್ಯಾಗಾರ ಮಾಡಿದರು. ಬಟ್ಟೆ ತೊಳೆಯಲು ಆ ನದಿಯ ನೀರು ಚೆನ್ನಾಗಿ ಒದಗಿತು.

ನೀಲಿ ಬಣ್ಣ ಮೊಂಡು. ನೇರವಾಗಿ ಅಚ್ಚಿನಿಂದ ಒತ್ತಲು ಬರುವುದಿಲ್ಲ, ಯಾಕೆಂದರೆ ಗಾಳಿ ತಾಗಿದ ತಕ್ಷಣ ಅದು ಬದಲಾಗಿಬಿಡುತ್ತದೆ. ತೊಟ್ಟಿಯಿಂದ ಎತ್ತಿದಾಗ ಬಟ್ಟೆ ಹಳದಿ ಹಸಿರಾಗಿರುತ್ತದೆ, ನೋಡುತ್ತಿದ್ದಂತೆ ಗಾಳಿಯಲ್ಲಿ ನೀಲಿಗೆ ತಿರುಗುತ್ತದೆ. ನಮ್ಮಲ್ಲಿ ನೀಲಿ ತೊಟ್ಟಿ ಕಂಡವರಿಗೆ ಇದು ಗೊತ್ತಿರುವುದೇ. ಹಾಗಾಗಿ ಮಾರಿಸ್ ತಲೆಕೆಳಗಿನ ವಿಧಾನ ಹಿಡಿದರು. ಮೊದಲು ಇಡೀ ಬಟ್ಟೆಗೆ ನೀಲಿ ಕುಡಿಸಿದರು. ಆಮೇಲೆ ಮರದ ಅಚ್ಚಿನಿಂದ ಬಣ್ಣ ತೆಗೆಯುವ ರಾಸಾಯನಿಕ ಒತ್ತಿ, ಎಲ್ಲಿ ಬಿಳಿ ಬೇಕೋ ಅಲ್ಲಿ ಪೂರ್ತಿ, ಎಲ್ಲಿ ತಿಳಿನೀಲಿ ಬೇಕೋ ಅಲ್ಲಿ ಅರ್ಧ ನೀಲಿಯನ್ನು ಅಳಿಸಿದರು. ಹಾಗೆ ತೆರವಾದ ಜಾಗಕ್ಕೆ ಕೆಂಪು, ಅದರ ಮೇಲೆ ಹಳದಿ. ನೀಲಿಯ ಮೇಲೆ ಹಳದಿ ಬಿದ್ದಲ್ಲಿ ಎಲೆ ಹಸಿರಾಯಿತು. ಪ್ರತಿ ಹಂತದ ನಡುವೆ ಒಗೆಯಬೇಕು, ಒಣಗಿಸಬೇಕು. ಮುಗಿಯಲು ದಿನಗಟ್ಟಲೆ ಬೇಕಾಗುತ್ತಿತ್ತು. ಅಚ್ಚು ಕೂದಲೆಳೆಯಷ್ಟು ಸರಿದರೂ ಹಕ್ಕಿಯ ಎದೆಯ ಚುಕ್ಕೆ ತಪ್ಪುತ್ತದೆ. ಈ ವಿಧಾನದಲ್ಲಿ ಕೆಂಪು ಹಳದಿ ಎರಡನ್ನೂ ಸೇರಿಸಿ ಅವರು ಗೆದ್ದ ಮೊದಲ ಬಟ್ಟೆ ಇದು. ಕಂಪನಿಯ ಅತಿ ದುಬಾರಿ ಹತ್ತಿ ಬಟ್ಟೆಗಳಲ್ಲೂ ಇದು ಒಂದು, ಆದರೂ ಕೊಳ್ಳುವವರು ಬಿಡಲಿಲ್ಲ.

ಇಂದು ಅದೇ ಚಿತ್ರ ಡಿಜಿಟಲ್ ಮುದ್ರಣದಲ್ಲಿ ಕಾಫಿ ಮಗ್ಗಿನ ಮೇಲೆ, ಫೋನ್ ಕವಚದ ಮೇಲೆ ಬರುತ್ತದೆ. ಹಕ್ಕಿ ಅದೇ. ನೀಲಿಯನ್ನು ಅಳಿಸಿ ಹಕ್ಕಿಯನ್ನು ಹೊರತೆಗೆದ ಕೈಕೆಲಸ ಮಾತ್ರ ಅಲ್ಲಿಲ್ಲ.

ಹಾಗಾದರೆ ಇವರು ಯಂತ್ರದ ವಿರೋಧಿಗಳೇ?

ಪೂರ್ತಿಯಾಗಿ ಅಲ್ಲ. ಮೆರ್ಟನ್ನಿನಲ್ಲಿ ಜಕಾರ್ಡ್ ಮಗ್ಗಗಳಿದ್ದವು, ಅಂದರೆ ತೂತು ಕೊರೆದ ರಟ್ಟಿನ ಪಟ್ಟಿಗಳ ನೆರವಿನಿಂದ ಚಿತ್ತಾರ ನೇಯುವ ಮಗ್ಗಗಳು. ಮೈಮುರಿಯುವ, ಮನಸ್ಸು ಸಾಯಿಸುವ ದುಡಿಮೆಯನ್ನು ಯಂತ್ರ ಹೊತ್ತುಕೊಳ್ಳಲಿ, ಮನುಷ್ಯನೇ ಯಂತ್ರದ ಬಾಲವಾಗುವುದು ಬೇಡ ಎಂಬುದು ಮಾರಿಸ್ ನಿಲುವು. ಚಳವಳಿಯೊಳಗೆ ಇದಕ್ಕಿಂತ ಕಟ್ಟುನಿಟ್ಟಿನವರೂ ಇದ್ದರು, ಯಂತ್ರವನ್ನು ಸ್ವಾಗತಿಸಿದವರೂ ಇದ್ದರು. 1901ರಲ್ಲಿ ಶಿಕಾಗೊದ ಹಲ್ ಹೌಸಿನಲ್ಲಿ ಮಾತಾಡಿದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರಂಥವರು, ಯಂತ್ರವೇ ಕಲಾವಿದನ ಹೊಸ ಉಪಕರಣ, ಅದನ್ನು ಸರಿಯಾಗಿ ಬಳಸಲು ಕಲಿಯೋಣ ಎಂದರು.

ಬಡವರಿಗಾಗಿ ಮಾತಾಡಿ ಶ್ರೀಮಂತರಿಗೆ ಮಾರಿದರು ಎಂಬ ಆರೋಪ ನಿಜವೇ?

ನಿಜ. ಒಳ್ಳೆಯ ಕೂಲಿ, ನಿಧಾನದ ಕೆಲಸ, ಒಳ್ಳೆಯ ಕಚ್ಚಾಮಾಲು ಮೂರೂ ಸೇರಿದರೆ ಬೆಲೆ ಏರುತ್ತದೆ. ಕಂಪನಿಯ ಗ್ರಾಹಕರಲ್ಲಿ ಉದ್ಯಮಿಗಳು, ಜಮೀನ್ದಾರರು, ಅರಮನೆಯವರು ಇದ್ದರು. ಶ್ರೀಮಂತರ ಹಂದಿಭೋಗಕ್ಕೆ ಸೇವೆ ಮಾಡುತ್ತಾ ಬದುಕು ಕಳೆಯುತ್ತಿದ್ದೇನೆ ಎಂದು ಮಾರಿಸ್ ಅವರೇ ಸಿಡಿದದ್ದು ದಾಖಲಾಗಿದೆ. ಸಸೆಕ್ಸ್ ಕುರ್ಚಿಯಂಥ, ಹುಲ್ಲು ಹೆಣೆದ ಸರಳ ಹಳ್ಳಿ ಮಾದರಿಯ ಕುರ್ಚಿಗಳು ಕಡಿಮೆ ಬೆಲೆಗೆ ಸಿಗುತ್ತಿದ್ದವು, ಅವು ಚೆನ್ನಾಗಿಯೂ ಮಾರಾಟವಾದವು. ಮಿಕ್ಕದ್ದು ದುಡಿಯುವವರ ಕೈಗೆ ಎಟುಕಲಿಲ್ಲ.

ಆದರೆ ಈ ಆರೋಪ ಮಾಡುವವರು ಅಲ್ಲಿಗೇ ಮಾತು ನಿಲ್ಲಿಸಬಾರದು. ಕೈಕೆಲಸ ದುಬಾರಿ ಎನಿಸುವುದು ಪಕ್ಕದಲ್ಲಿ ಅಗ್ಗದ ಮಾಲು ಇರುವುದರಿಂದ. ಆ ಅಗ್ಗದ ಬೆಲೆಯಲ್ಲಿ ಸೇರದೇ ಹೋದದ್ದನ್ನು, ಅಂದರೆ ಕೆಲಸಗಾರನ ಆಯುಷ್ಯ, ನದಿಯ ನೀರು, ಬೇಗ ಮುರಿದು ಬೀಳುವ ಮಾಲಿನ ನಷ್ಟ, ಇವನ್ನು ಯಾರು ಕಟ್ಟುತ್ತಾರೆ ಎಂದು ಮಾರಿಸ್ ಕೇಳಿದರು. ಆ ಲೆಕ್ಕ ಇಂದಿಗೂ ಬಗೆಹರಿದಿಲ್ಲ.

ಮಾರಿಸ್ ವಾಲ್‌ಪೇಪರಿನಲ್ಲಿ ವಿಷ ಇತ್ತು ಎನ್ನುತ್ತಾರಲ್ಲ?

ಇತ್ತು. ಆ ಕಾಲದ ಎಷ್ಟೋ ಹಸಿರು ಬಣ್ಣಗಳಲ್ಲಿ ಆರ್ಸೆನಿಕ್ ಇರುತ್ತಿತ್ತು, ಮಾರಿಸ್ ಅವರ ಆರಂಭದ ವಾಲ್‌ಪೇಪರ್‌ಗಳೂ ಇದಕ್ಕೆ ಹೊರತಲ್ಲ. 1862ರ ಟ್ರೆಲಿಸ್ ವಿನ್ಯಾಸದ ಹಳೆಯ ಮಾದರಿಯನ್ನು ನಮ್ಮ ಕಾಲದಲ್ಲಿ ಪರೀಕ್ಷಿಸಿದಾಗ ಹಸಿರಿನಲ್ಲಿ ಆರ್ಸೆನಿಕ್ ಸಿಕ್ಕಿತು. ಇನ್ನೂ ನೋವಿನ ಸಂಗತಿ ಬೇರೆ ಇದೆ. ಮಾರಿಸ್ ಕುಟುಂಬದ ಸಂಪತ್ತಿಗೆ ಮೂಲವಾಗಿದ್ದ ಡೆವನ್ ಗ್ರೇಟ್ ಕಾನ್ಸಲ್ಸ್ ಗಣಿ ಮೊದಲು ತಾಮ್ರ, ಆಮೇಲೆ ಆರ್ಸೆನಿಕ್ ತೆಗೆದು ಲಾಭ ಮಾಡಿತು. 1870ರ ದಶಕದ ಮೊದಲ ಭಾಗದಲ್ಲಿ ಮಾರಿಸ್ ಅದರ ನಿರ್ದೇಶಕರಲ್ಲೊಬ್ಬರು. ವಾಲ್‌ಪೇಪರಿನಿಂದ ಜನ ಕಾಯಿಲೆ ಬೀಳುತ್ತಾರೆ ಎಂದ ವೈದ್ಯರನ್ನು 1885ರ ಪತ್ರವೊಂದರಲ್ಲಿ ಅವರು ಭ್ರಮೆ ಹಿಡಿದವರೆಂದು ಜರೆದರು.

ಕೆಲಸಗಾರನ ಬದುಕಿನ ಬಗ್ಗೆ ಅಷ್ಟು ಮಿಡಿದ ಮನುಷ್ಯ ಗಣಿಯ ಕೆಲಸಗಾರರ ಬಗ್ಗೆ ಯಾಕೆ ಸುಮ್ಮನಿದ್ದರು? ಅವರನ್ನು ಗೌರವಿಸುವವರು ಈ ಪ್ರಶ್ನೆಯನ್ನು ಮುಚ್ಚಿಡಬಾರದು. ಮುಂದೆ ಗಣಿಯ ಷೇರುಗಳನ್ನು ಮಾರಿ ಹೊರಬಂದರು, ವಾಲ್‌ಪೇಪರಿನಿಂದಲೂ ಆರ್ಸೆನಿಕ್ ಹೋಯಿತು ಎಂಬುದನ್ನೂ ಸೇರಿಸಿಯೇ ಹೇಳಬೇಕು.

ಈ ಚಳವಳಿಯಲ್ಲಿ ಹೆಣ್ಣುಮಕ್ಕಳಿಗೆ ಜಾಗ ಇತ್ತೇ?

ಕೆಲಸದಲ್ಲಿ ಇತ್ತು, ಹೆಸರಿನಲ್ಲಿ ಕಡಿಮೆ. ಮಾರಿಸ್ ಮಗಳು ಮೇ ಮಾರಿಸ್ 1885ರಲ್ಲಿ, ತಮ್ಮ ಇಪ್ಪತ್ತಮೂರನೇ ವಯಸ್ಸಿನಲ್ಲಿ, ಕಂಪನಿಯ ಕಸೂತಿ ವಿಭಾಗದ ಹೊಣೆ ಹೊತ್ತರು. 1883ರ ಹನಿಸಕಲ್ ವಾಲ್‌ಪೇಪರ್ ಅವರದು, ಅದನ್ನು ಬಹುಕಾಲ ಜನ ಅಪ್ಪನ ಖಾತೆಗೆ ಹಾಕಿದ್ದೂ ಉಂಟು. 1884ರಲ್ಲಿ ಹುಟ್ಟಿದ ಆರ್ಟ್ ವರ್ಕರ್ಸ್ ಗಿಲ್ಡ್ (ಗಿಲ್ಡ್ ಎಂದರೆ ಕಸುಬುದಾರರ ಸಂಘ) ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲಿಲ್ಲ, 1960ರ ದಶಕದವರೆಗೂ ಬಾಗಿಲು ತೆರೆಯಲಿಲ್ಲ. ಅದಕ್ಕೇ ಮೇ ಮತ್ತು ಸಂಗಡಿಗರು 1907ರಲ್ಲಿ ತಮ್ಮದೇ ವಿಮೆನ್ಸ್ ಗಿಲ್ಡ್ ಆಫ್ ಆರ್ಟ್ಸ್ ಕಟ್ಟಿದರು. ಕಸೂತಿ ಎಂದರೆ ಹೆಂಗಸರ ಬಿಡುವಿನ ಕೆಲಸ ಎಂದು ನೋಡುತ್ತಿದ್ದ ಕಾಲದಲ್ಲಿ ಅದನ್ನು ವೃತ್ತಿಯಾಗಿ, ಕಲೆಯಾಗಿ ನಿಲ್ಲಿಸಿದ್ದು ಮೇ ಅವರ ದೊಡ್ಡ ಸಾಧನೆ.

ಒಂದು ಪೀಠೋಪಕರಣ ಈ ಶೈಲಿಯದು ಎಂದು ಗುರುತು ಹಿಡಿಯುವುದು ಹೇಗೆ?

ಮೊದಲು ಕೀಲು ನೋಡಿ. ಸಾಮಾನ್ಯ ಪೀಠೋಪಕರಣದಲ್ಲಿ ಎರಡು ಮರ ಸೇರುವ ಜಾಗವನ್ನು ಪಾಲಿಶ್ ಅಡಿಯಲ್ಲಿ ಅಡಗಿಸುತ್ತಾರೆ. ಇಲ್ಲಿ ಒಂದು ಮರದ ತುದಿಯನ್ನು ನಾಲಿಗೆಯಾಗಿ ಕೊರೆದು, ಇನ್ನೊಂದರ ಕುಳಿಯಲ್ಲಿ ತೂರಿಸಿ ಆಚೆ ಬದಿಗೆ ಹೊರಡಿಸುತ್ತಾರೆ. ಹೊರಬಂದ ತುದಿಗೆ ಬೆಣೆ ಬಡಿದಿರುತ್ತಾರೆ. ಮೇಜು ಹೇಗೆ ನಿಂತಿದೆ ಎಂಬುದು ನೋಡಿದರೇ ತಿಳಿಯುತ್ತದೆ, ಆ ಕೀಲೇ ಅದರ ಒಡವೆ. ಎರಡನೆಯದು ಮರ: ಹೆಚ್ಚಾಗಿ ಓಕ್, ಅದರ ನಾರುಗೆರೆ ಕಾಣುವ ಹಾಗೆ ಸೀಳಿದ್ದು, ದಪ್ಪ ಬಣ್ಣದ ಲೇಪವಿಲ್ಲ. ಅರ್ನೆಸ್ಟ್ ಗಿಮ್ಸನ್ ಮತ್ತು ಬಾರ್ನ್ಸ್ಲಿ ಸೋದರರು ಕಾಟ್ಸ್‌ವೋಲ್ಡ್ ಹಳ್ಳಿಗಳಲ್ಲಿ ಮಾಡಿದ ಪೆಟ್ಟಿಗೆ, ಮೇಜುಗಳಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಗಾಡಿ ಮಾಡುವ ಬಡಗಿಗಳು ತೂಕ ಇಳಿಸಲು ಮರದ ಅಂಚು ಕೆತ್ತುವ ರೀತಿಯನ್ನೂ ಅವರು ಎತ್ತಿಕೊಂಡರು.

ಆರ್ಟ್ ನುವೋ ಎಂಬ ಇನ್ನೊಂದು ಶೈಲಿಯ ಜೊತೆ ಗೊಂದಲ ಸಹಜ, ಕಾಲ ಒಂದೇ, ಎರಡರಲ್ಲೂ ಬಳ್ಳಿ ಹೂವು ಇವೆ. ಪ್ಯಾರಿಸ್, ಬ್ರಸೆಲ್ಸ್‌ಗಳ ಆರ್ಟ್ ನುವೋದಲ್ಲಿ ಬಳ್ಳಿ ಚಾಟಿಯಂತೆ ಬಳುಕುತ್ತದೆ, ಕಬ್ಬಿಣ ಗಾಜುಗಳನ್ನೂ ಬಳುಕಿಸುತ್ತದೆ. ಇಲ್ಲಿ ಅಲಂಕಾರ ವಸ್ತುವಿನ ಕಟ್ಟನ್ನು ಮೀರುವುದಿಲ್ಲ.

ಪುಸ್ತಕ ಮತ್ತು ಅಕ್ಷರ ವಿನ್ಯಾಸಕ್ಕೆ ಇದರಿಂದ ಏನು ಬಂತು?

ಬಹಳ ಬಂತು. 1888ರಲ್ಲಿ ಮುದ್ರಣ ತಜ್ಞ ಎಮರಿ ವಾಕರ್ ಹಳೆಯ ಪುಸ್ತಕಗಳ ಅಕ್ಷರಗಳನ್ನು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದ ಉಪನ್ಯಾಸ ಕೇಳಿ ಮಾರಿಸ್ ಸ್ವಂತ ಅಕ್ಷರ ಮಾಡಲು ಹೊರಟರು. ಹದಿನೈದನೇ ಶತಮಾನದ ವೆನಿಸ್ ಮುದ್ರಕ ಜೆನ್ಸನ್ ಅಕ್ಷರಗಳ ಫೋಟೊ ದೊಡ್ಡದು ಮಾಡಿ, ಮತ್ತೆ ಮತ್ತೆ ಬರೆದು, ಅದರ ಜಾಡು ಸಿಕ್ಕ ಮೇಲೆ ತಮ್ಮದನ್ನು ಬರೆದರು. 1891ರಲ್ಲಿ ಕೆಲ್ಮ್‌ಸ್ಕಾಟ್ ಪ್ರೆಸ್ ಆರಂಭವಾಯಿತು: ಕೈಯಿಂದ ತಯಾರಿಸಿದ ಕಾಗದ, ಕೈಯಿಂದ ಒತ್ತುವ ಕಬ್ಬಿಣದ ಅಲ್ಬಿಯನ್ ಮುದ್ರಣಯಂತ್ರ. ಅಲ್ಲಿ ಮುದ್ರಿಸಿದ ಕವಿ ಚಾಸರ್ ಕೃತಿಗಳ ಬೃಹತ್ ಸಂಪುಟ 1896ರಲ್ಲಿ ಮುಗಿಯಿತು. ಅದರಲ್ಲಿ ಬರ್ನ್-ಜೋನ್ಸ್ ಅವರ 87 ಚಿತ್ರಗಳಿವೆ. ಕಾಗದದ ಮೇಲೆ 425 ಪ್ರತಿಗಳು ಬಂದವು. ಅದೇ ವರ್ಷ ಅಕ್ಟೋಬರಿನಲ್ಲಿ ಮಾರಿಸ್ ತೀರಿಕೊಂಡರು.

ಆ ಪುಟಗಳು ಇಂದಿನ ಕಣ್ಣಿಗೆ ತುಸು ದಟ್ಟ. ಆದರೆ ಎದುರುಬದುರಿನ ಎರಡು ಪುಟಗಳನ್ನು ಒಂದೇ ಘಟಕವೆಂದು ನೋಡಬೇಕು, ಅಂಚಿನ ಬಿಳಿ ಜಾಗವೂ ವಿನ್ಯಾಸದ ಭಾಗ ಎಂಬ ಪಾಠ ಅಲ್ಲಿಂದ ಮತ್ತೆ ಚಾಲ್ತಿಗೆ ಬಂತು. ಇದೇ ಬಳಗದ ನೆರಳಿನಲ್ಲಿ ಬೆಳೆದ ಎಡ್ವರ್ಡ್ ಜಾನ್‌ಸ್ಟನ್ ಅಗಲ ತುದಿಯ ಲೇಖನಿಯ ಕಲೆಯನ್ನು ಮತ್ತೆ ಕಲಿಸಿದರು. 1916ರಲ್ಲಿ ಲಂಡನ್ ಸುರಂಗ ರೈಲಿಗೆ ಅವರು ಬರೆದ ಸರಳ ಅಕ್ಷರಗಳು ಪರಿಷ್ಕಾರಗೊಂಡು ಇಂದಿಗೂ ನಿಲ್ದಾಣಗಳ ಫಲಕಗಳಲ್ಲಿವೆ. ದಿನನಿತ್ಯ ಲಕ್ಷಾಂತರ ಜನ ಓದುವ ಆಧುನಿಕ ಅಕ್ಷರದ ಬೇರು ಕೈಬರಹದಲ್ಲಿದೆ.

ಗಿಲ್ಡ್‌ಗಳು ಉಳಿದವೇ?

ಹೆಚ್ಚಿನವು ಉಳಿಯಲಿಲ್ಲ. ಚಾರ್ಲ್ಸ್ ಆಶ್ಬೀ 1888ರಲ್ಲಿ ಲಂಡನ್ನಿನ ಬಡ ಪೂರ್ವಭಾಗದಲ್ಲಿ ಗಿಲ್ಡ್ ಆಫ್ ಹ್ಯಾಂಡಿಕ್ರಾಫ್ಟ್ ಕಟ್ಟಿದರು. ಬೆಳ್ಳಿ, ಮರ, ಚರ್ಮದ ಕೆಲಸ ಅಲ್ಲಿ ನಡೆಯುತ್ತಿತ್ತು. 1902ರಲ್ಲಿ ಕುಟುಂಬಗಳೂ ಸೇರಿ ಸುಮಾರು 150 ಮಂದಿ ಚಿಪಿಂಗ್ ಕ್ಯಾಂಪ್ಡನ್ ಎಂಬ ಹಳ್ಳಿಗಾಡಿನ ಊರಿಗೆ ಗುಳೆ ಹೋದರು. ಹಳೆಯ ರೇಷ್ಮೆ ಗಿರಣಿಯಲ್ಲಿ ಕಾರ್ಯಾಗಾರ, ಸಂಜೆಗೆ ಹಾಡು, ನಾಟಕ, ಈಜುಕೊಳ. ಆರು ವರ್ಷದೊಳಗೆ ಹಣ ಬರಿದಾಯಿತು. ಲಂಡನ್ನಿನಲ್ಲಿದ್ದಾಗ ಕೆಲಸ ಕಡಿಮೆಯಾದರೆ ಅಕ್ಕಪಕ್ಕದಲ್ಲಿ ಬೇರೆ ಕೆಲಸ ಸಿಗುತ್ತಿತ್ತು, ಹಳ್ಳಿಯಲ್ಲಿ ಸಿಗಲಿಲ್ಲ. ಮೇಲಾಗಿ ಲಿಬರ್ಟಿಯಂಥ ದೊಡ್ಡ ಅಂಗಡಿಗಳು ಯಂತ್ರದಲ್ಲಿ ಒತ್ತಿ, ಕೈಸುತ್ತಿಗೆಯ ಗುರುತಿರುವಂತೆ ಕಾಣಿಸಿದ ಬೆಳ್ಳಿ ಸಾಮಾನನ್ನು ಅಗ್ಗವಾಗಿ ಮಾರತೊಡಗಿದ್ದವು. ಗಿಲ್ಡಿನ ಕೆಲವರು ಊರಲ್ಲೇ ಉಳಿದರು. ಆ ಗಿರಣಿಯಲ್ಲಿ ಹಾರ್ಟ್ ಮನೆತನದ ಬೆಳ್ಳಿ ಕೆಲಸ ತಲೆಮಾರುಗಳಿಂದ ನಡೆದುಬಂದಿದೆ.

ಅಮೆರಿಕದಲ್ಲಿ?

ಗುಸ್ತಾವ್ ಸ್ಟಿಕ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಗಟ್ಟಿ ಓಕ್ ಪೀಠೋಪಕರಣ ಮಾಡಿದರು. 1901ರಿಂದ 1916ರವರೆಗೆ ನಡೆಸಿದ ಕ್ರಾಫ್ಟ್ಸ್‌ಮನ್ ಪತ್ರಿಕೆಯಲ್ಲಿ ಮನೆಗಳ ನಕ್ಷೆಗಳನ್ನೂ ಕೊಟ್ಟರು. ಅವರು ಯಂತ್ರ ಬಳಸಿದರು, ಹಾಗಾಗಿ ಮಧ್ಯಮ ವರ್ಗಕ್ಕೆ ತಲುಪಿದರು. ಗ್ರೀನ್ ಸೋದರರು 1908ರಲ್ಲಿ ಪ್ಯಾಸಡೀನಾದಲ್ಲಿ ಕಟ್ಟಿದ ಗ್ಯಾಂಬಲ್ ಹೌಸ್ ಈ ದಾರಿಯ ಶಿಖರ. ಅಮೆರಿಕದ ಹಳೆಯ ಬಡಾವಣೆಗಳಲ್ಲಿ ವಾಸಿಸುವ ಕನ್ನಡಿಗರು ತಮ್ಮ ಬೀದಿಯಲ್ಲೇ ಅಗಲ ಜಗಲಿ, ತಗ್ಗು ಮಾಡು, ಹೊರಚಾಚಿದ ತೊಲೆಗಳ ಕ್ರಾಫ್ಟ್ಸ್‌ಮನ್ ಬಂಗಲೆಗಳನ್ನು ನೋಡಿರಬಹುದು.

ಕೈಕಸುಬಿನ ಚಳವಳಿಯಿಂದ ಬೌಹೌಸ್‌ನಂಥ ಆಧುನಿಕ ವಿನ್ಯಾಸ ಹುಟ್ಟಿದ್ದು ಹೇಗೆ?

ದಾರಿ ಜರ್ಮನಿಯ ಮೂಲಕ. ಹರ್ಮನ್ ಮುತೇಸಿಯುಸ್ ಎಂಬ ವಾಸ್ತುಶಿಲ್ಪಿ 1896ರಿಂದ 1903ರವರೆಗೆ ಲಂಡನ್ನಿನ ಜರ್ಮನ್ ರಾಯಭಾರ ಕಚೇರಿಯಲ್ಲಿದ್ದು ಇಂಗ್ಲಿಷ್ ಮನೆಗಳನ್ನು ಅಭ್ಯಾಸ ಮಾಡಿದರು. ತಮ್ಮ ದೇಶಕ್ಕೆ ಮರಳಿ 1907ರಲ್ಲಿ ಡಾಯ್ಚರ್ ವೆರ್ಕ್‌ಬುಂಡ್ ಎಂಬ ಸಂಘ ಸ್ಥಾಪನೆಯಾಗಲು ಕಾರಣರಾದವರಲ್ಲಿ ಒಬ್ಬರಾದರು. ಕಲಾವಿದರು ಮತ್ತು ಕಾರ್ಖಾನೆಗಳು ಕೈಜೋಡಿಸಬೇಕು ಎಂಬುದು ಅದರ ಗುರಿ. ಅತ್ತ ವಿಯೆನ್ನಾದಲ್ಲಿ 1903ರಲ್ಲಿ ಆಶ್ಬೀ ಗಿಲ್ಡ್ ಮಾದರಿಯಲ್ಲೇ ವೀನರ್ ವೆರ್ಕ್‌ಸ್ಟೆಟೆ ಎಂಬ ಕಾರ್ಯಾಗಾರ ಬಳಗ ಹುಟ್ಟಿತು. 1919ರಲ್ಲಿ ವಾಲ್ಟರ್ ಗ್ರೋಪಿಯಸ್ ಬೌಹೌಸ್ ಶಾಲೆ ತೆರೆದಾಗ ಘೋಷಣೆಯಲ್ಲಿ ಹೇಳಿದ್ದು, ವಾಸ್ತುಶಿಲ್ಪಿ, ಶಿಲ್ಪಿ, ಚಿತ್ರಕಾರ ಎಲ್ಲರೂ ಕಸುಬಿಗೆ ಮರಳಬೇಕು ಎಂದು. ವಿದ್ಯಾರ್ಥಿಗಳು ಮಗ್ಗ, ಮರ, ಲೋಹದ ಕಾರ್ಯಾಗಾರಗಳಲ್ಲಿ ಕಲಿತರು. ಮುಂದೆ ಶಾಲೆ ಕಾರ್ಖಾನೆಯ ಕಡೆ ಹೊರಳಿತು.

ಇಂದು ಅಹಮದಾಬಾದ್, ಬೆಂಗಳೂರುಗಳ ವಿನ್ಯಾಸ ಶಾಲೆಗಳಲ್ಲಿ ಹುಡುಗರು ಮೊದಲ ವರ್ಷವೇ ಮಣ್ಣು, ಮರ ಮುಟ್ಟಿ ಕಲಿಯುತ್ತಾರಲ್ಲ, ಆ ಪದ್ಧತಿ ಈ ಸರಪಳಿಯ ಮೂಲಕವೇ ಬಂದದ್ದು.

ಭಾರತಕ್ಕೂ ಕರ್ನಾಟಕಕ್ಕೂ ಇದರ ನಂಟೇನು?

ನಂಟು ಎರಡೂ ದಿಕ್ಕಿನದು. ಭಾರತದ ಕಸುಬುಗಳಿಂದ ಈ ಚಳವಳಿ ಕಲಿಯಿತು, ಅವುಗಳ ನಾಶವನ್ನೂ ನೋಡಿತು. 1879ರ ಭಾಷಣದಲ್ಲಿ ಮಾರಿಸ್, ಬ್ರಿಟಿಷ್ ಆಡಳಿತ ಮತ್ತು ವ್ಯಾಪಾರ ಭಾರತದ ಕಲೆಯನ್ನು ಕೊಲ್ಲುತ್ತಿದೆ, ಜೈಲುಗಳಲ್ಲಿ ಅಗ್ಗದ ಜಮಖಾನ ನೇಯಿಸಿ ಪರಂಪರೆಯನ್ನು ಹಾಳುಮಾಡುತ್ತಿದೆ ಎಂದು ತಮ್ಮ ದೇಶದವರೆದುರೇ ಹೇಳಿದರು.

ಇತ್ತ ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ ಚಿಪಿಂಗ್ ಕ್ಯಾಂಪ್ಡನ್ ಪಕ್ಕದ ಬ್ರಾಡ್ ಕ್ಯಾಂಪ್ಡನ್ನಿನಲ್ಲಿ, ಆಶ್ಬೀ ದುರಸ್ತಿ ಮಾಡಿಕೊಟ್ಟ ಹಳೆಯ ಕಟ್ಟಡದಲ್ಲಿ ಇದ್ದರು. ಸಿಂಹಳ ಕಲೆಯ ಮೇಲಿನ ಅವರ ದೊಡ್ಡ ಗ್ರಂಥ 1908ರಲ್ಲಿ ಅಚ್ಚಾದದ್ದು ಮಾರಿಸ್ ಚಾಸರ್ ಸಂಪುಟ ಒತ್ತಿದ ಅದೇ ಮುದ್ರಣಯಂತ್ರದಲ್ಲಿ. ಭಾರತದ ಕುಶಲಕರ್ಮಿಯ ಬಗ್ಗೆ 1909ರಲ್ಲಿ ಬರೆದ ಪುಸ್ತಕಕ್ಕೆ ಆಶ್ಬೀ ಮುನ್ನುಡಿ ಬರೆದರು. ವಿದೇಶಿ ಕಾರ್ಖಾನೆಯ ಬದಲು ಸ್ವದೇಶಿ ಕಾರ್ಖಾನೆ ಬಂದಮಾತ್ರಕ್ಕೆ ನೇಕಾರ ಉಳಿಯುವುದಿಲ್ಲ ಎಂದು ಸ್ವದೇಶಿ ಚಳವಳಿಗೂ ಅವರು ಎಚ್ಚರಿಕೆ ಕೊಟ್ಟರು. ಇನ್ನೊಂದು ಎಳೆ ಗಾಂಧಿಯದು. 1904ರಲ್ಲಿ ಜೊಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೋಗುವ ರೈಲಿನಲ್ಲಿ ರಸ್ಕಿನ್ ಪುಸ್ತಕ ಓದಿದ ಅವರು ನಿದ್ದೆ ಬಿಟ್ಟು ಯೋಚಿಸಿ ಫೀನಿಕ್ಸ್ ಆಶ್ರಮ ಕಟ್ಟಿದರು. ಚರಕದ ವಿಚಾರಕ್ಕೆ ಇತರ ಮೂಲಗಳೂ ಇವೆ, ಇದೂ ಒಂದು.

ಆ ಗಾಂಧಿ ಪರಂಪರೆಯಲ್ಲಿ ಬಂದವರು ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ಹಳ್ಳಿ ಹಳ್ಳಿ ತಿರುಗಿ ಕಸುಬುದಾರರನ್ನು ಹುಡುಕಿದರು. ನಮ್ಮ ಕಾಲಕ್ಕೆ ಬಂದರೆ ಸಾಗರ ತಾಲ್ಲೂಕಿನಲ್ಲಿ ರಂಗಕರ್ಮಿ ಪ್ರಸನ್ನ ಹೆಗಲು ಕೊಟ್ಟು ಬೆಳೆಸಿದ ಚರಕ ಮಹಿಳಾ ಸಹಕಾರ ಸಂಘ ಇದೆ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ಅಲ್ಲಿ ನೂಲಿಗೆ ಕೆಂಗಂದು ಬಣ್ಣ ಹಾಕುತ್ತಾರೆ. ಮಲೆನಾಡಿನ ಬಣ್ಣ ಮಲೆನಾಡಿನ ಬೆಳೆಯಿಂದಲೇ ಬರುತ್ತದೆ, ದುಡಿಯುವ ಹೆಣ್ಣುಮಕ್ಕಳೇ ಸಂಘದ ಸದಸ್ಯರು. ಕೈಉತ್ಪನ್ನಗಳಿಗೆ ತೆರಿಗೆ ಬೇಡ ಎಂದು 2017ರಲ್ಲಿ ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕೂತರು. ಮೆರ್ಟನ್ನಿನಲ್ಲಿ ಕಂಪನಿ ಒಡೆಯರ ಕೈಯಲ್ಲೇ ಇತ್ತು, ಕೆಲವೇ ಹಿರಿಯ ನೌಕರರಿಗೆ ಲಾಭದ ಪಾಲು ಸಿಗುತ್ತಿತ್ತು. ಆ ವಿಷಯದಲ್ಲಿ ಸಾಗರದ ಹೆಣ್ಣುಮಕ್ಕಳು ಮಾರಿಸ್ ಅವರಿಗಿಂತ ಮುಂದೆ ಹೋಗಿದ್ದಾರೆ.

ಇಂದು ‘ಹ್ಯಾಂಡ್‌ಮೇಡ್’ ಎಂದು ಮಾರುವುದೆಲ್ಲ ಈ ಚಳವಳಿಯ ಮುಂದುವರಿಕೆಯೇ?

ಅಲ್ಲ. ಮಾರಿಸ್ ವಿನ್ಯಾಸಗಳ ಹಕ್ಕುಸ್ವಾಮ್ಯ ಮುಗಿದು ಬಹಳ ಕಾಲವಾಗಿದೆ, ಯಾರು ಬೇಕಾದರೂ ಮುದ್ರಿಸಬಹುದು. ನೋಟ ಸುಲಭವಾಗಿ ಸಿಗುತ್ತದೆ. ಕೈಮಗ್ಗ ಎಂದು ಪವರ್‌ಲೂಮ್ ಸೀರೆ ಮಾರುವುದು ನಮ್ಮಲ್ಲಿ ದಿನನಿತ್ಯ ನಡೆಯುತ್ತಿದೆ. ಕೊಳ್ಳುವಾಗ ನಾನು ಕೇಳುವ ಪ್ರಶ್ನೆಗಳು ಸರಳ: ಇದನ್ನು ಯಾರು ಮಾಡಿದರು, ಎಷ್ಟು ದಿನ ಹಿಡಿಯಿತು, ಅವರಿಗೆ ಎಷ್ಟು ಸಿಕ್ಕಿತು, ಬಣ್ಣ ಅಥವಾ ಅಂಚಿನ ಆಯ್ಕೆ ನೇಕಾರರದೋ ಅಂಗಡಿಯವರದೋ? ಕೊನೆಯ ಪ್ರಶ್ನೆಗೆ ಬಹಳ ಅಂಗಡಿಗಳಲ್ಲಿ ಉತ್ತರ ಸಿಗುವುದಿಲ್ಲ. ಸಿಕ್ಕ ಕಡೆ ನಾನು ಮತ್ತೆ ಹೋಗುತ್ತೇನೆ.

ಲಂಡನ್‌ಗೆ ಹೋದರೆ ಏನೇನು ನೋಡಬೇಕು?

ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಿಂದ ಆರಂಭಿಸಿ. ಪ್ರವೇಶ ಉಚಿತ. 1860ರ ದಶಕದಲ್ಲಿ ಮಾರಿಸ್ ಕಂಪನಿ ಅಲಂಕರಿಸಿದ ಹಸಿರು ಊಟದ ಕೋಣೆ ಅಲ್ಲಿದೆ, ಇಂದಿಗೂ ಅದು ಉಪಾಹಾರದ ಕೋಣೆಯೇ. ವಾಲ್ಥಮ್‌ಸ್ಟೋದಲ್ಲಿ ಮಾರಿಸ್ ಹುಡುಗನಾಗಿದ್ದಾಗ ವಾಸವಿದ್ದ ಮನೆ ವಿಲಿಯಂ ಮಾರಿಸ್ ಗ್ಯಾಲರಿಯಾಗಿದೆ, ಸುರಂಗ ರೈಲಿನ ವಿಕ್ಟೋರಿಯಾ ಮಾರ್ಗದ ಕೊನೆಯ ನಿಲ್ದಾಣದಲ್ಲಿ ಇಳಿದು ನಡೆದು ಹೋಗಬಹುದು. ಅಲ್ಲೂ ಟಿಕೆಟ್ ಇಲ್ಲ. ಬೆಕ್ಸ್‌ಲಿಹೀತ್‌ನ ರೆಡ್ ಹೌಸ್ ನ್ಯಾಷನಲ್ ಟ್ರಸ್ಟ್ ವಶದಲ್ಲಿದೆ, ತೆರೆದಿರುವ ದಿನ ನೋಡಿಕೊಂಡು ಹೊರಡಿ. ಒಂದೇ ದಿನ ಬಿಡುವಿದ್ದರೆ ವಾಲ್ಥಮ್‌ಸ್ಟೋ ಆರಿಸಿ. ಅಲ್ಲಿ ಬಟ್ಟೆ, ವಾಲ್‌ಪೇಪರ್ ಜೊತೆಗೆ ಅವು ತಯಾರಾದ ಬಗೆಯನ್ನೂ ವಿವರಿಸಿ ತೋರಿಸಿದ್ದಾರೆ.